24 ದಿನದ ಬ್ರಾಯ್ಲರ್, ಸಾವು ದಿನದಿಂದ ದಿನಕ್ಕೆ ಏರುತ್ತಿದೆ. ಏನಿದು, ಎಲ್ಲಿ ಪರೀಕ್ಷೆ ಮಾಡಿಸಲಿ?

ತುಂಗಭದ್ರಾ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೆಬೆನ್ನೂರು ತಾಲ್ಲೂಕು. ಕಂಪನಿ ಕಾಂಟ್ರಾಕ್ಟ್ ಮೇಲೆ 5000 ಮರಿ ಸಾಕುತ್ತಿದ್ದೇನೆ, ಇವತ್ತಿಗೆ 24 ದಿನ. ಮೊದಲೆಲ್ಲ ದಿನಕ್ಕೆ ನಾಲ್ಕೈದು ಸಾಯುತ್ತಿದ್ದವು, ಅದು ಮಾಮೂಲಿ. ಮೊನ್ನೆ 22, ನಿನ್ನೆ 61, ಇವತ್ತು ಮಧ್ಯಾಹ್ನದೊಳಗೇ 90 ದಾಟಿದೆ. ಮರಿಗಳು ಗರಿ ಕೆದರಿಕೊಂಡು ತಲೆ ತಗ್ಗಿಸಿ ಕೂತುಬಿಡುತ್ತವೆ. ಎಬ್ಬಿಸಿದರೆ ಎರಡು ಹೆಜ್ಜೆ ಇಟ್ಟು ಮತ್ತೆ ಕೂರುತ್ತವೆ. ಹಿಕ್ಕೆ ಬಿಳಿ, ಬರೀ ನೀರು. ಮೇವು ತಿನ್ನುವುದು ಅರ್ಧಕ್ಕೆ ಇಳಿದಿದೆ. ಕೆಲವು ತಮ್ಮ ಹಿಂಭಾಗವನ್ನು ತಾವೇ ಕುಕ್ಕಿಕೊಳ್ಳುತ್ತಿವೆ.

ಸೂಪರ್‌ವೈಸರ್ ಫೋನಿನಲ್ಲೇ ಬಿಸಿಲು ಮತ್ತೆ ಇ-ಕೋಲೈ ಅಂದು ನೀರಿಗೆ ಹಾಕುವ ಆ್ಯಂಟಿಬಯಾಟಿಕ್ ಹೆಸರು ಮೆಸೇಜ್ ಮಾಡಿದ್ದಾನೆ. ಪಕ್ಕದ ಊರಿನವರು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಅಂತಾರೆ. ಫೋಟೋ ಹಾಕಿದ್ದೇನೆ. ಔಷಧ ಇನ್ನೂ ಹಾಕಿಲ್ಲ. ಹಾಕಲೋ ಬೇಡವೋ? ಪರೀಕ್ಷೆ ಎಲ್ಲಿ ಮಾಡಿಸಬೇಕು? ಬೇಗ ಹೇಳಿ.

ಖಾರ ಸವಣೂರು:
ಕೊಕ್ಕರೆ ರೋಗ. ಕಣ್ಣು ಮುಚ್ಚಿ ಹೇಳುತ್ತೇನೆ.

ಲೇಯರ್ ಬ್ಯಾಡಗಿ:
ಕಣ್ಣು ಬಿಟ್ಟು ನೋಡಿದರೂ ಹೇಳೋಕಾಗದ್ದನ್ನು ನೀವು ಕಣ್ಣು ಮುಚ್ಚಿ ಹೇಳುತ್ತೀರಲ್ಲ ಸಾರ್.

ತುಂಗಭದ್ರಾ ಅವರೇ, ಫೋಟೋದಲ್ಲಿ ಕಾಣುವುದು ಕೂತ ಮರಿ ಅಷ್ಟೇ. ಯಾವ ಕಾಯಿಲೆ ಬಂದರೂ ಕೋಳಿ ಹಾಗೇ ಕೂರುತ್ತದೆ. ಇದನ್ನು ಹೇಳಿ: ಗಂಬೋರೊ (ಮರಿಗಳಿಗೆ ಬರುವ ವೈರಸ್ ಕಾಯಿಲೆ) ಲಸಿಕೆ ಯಾವ ದಿನ ಹಾಕಿದ್ದು? ನೀರಿನಲ್ಲೋ, ಕಣ್ಣಿಗೋ? ಫೀಡ್ ಲಾಟ್ ಬದಲಾಯಿತಾ? ಸಾವು ಒಂದೇ ಮೂಲೆಯಲ್ಲೋ, ಇಡೀ ಶೆಡ್ಡಿನಲ್ಲೋ? ಉಸಿರಿನ ಗೊರಗೊರ ಇದೆಯಾ? ಅದು ಹಗಲಲ್ಲಿ ತಿಳಿಯುವುದಿಲ್ಲ. ರಾತ್ರಿ ಫ್ಯಾನು, ಲೈಟು ಎಲ್ಲ ಆಫ್ ಮಾಡಿ ಶೆಡ್ಡಿನ ಮಧ್ಯೆ ಎರಡು ನಿಮಿಷ ಸುಮ್ನೆ ನಿಂತು ಕೇಳಿ. ಸೀನು, ಗೊರಗೊರ ಇದ್ದರೆ ಸ್ಪಷ್ಟ ಕೇಳುತ್ತದೆ.

ಕಪ್ಪತಗುಡ್ಡ ಗಾಳಿ:
22, 61, 90. ಈ ಏರಿಕೆ ನೋಡಿದರೆ ಹಕ್ಕಿಜ್ವರ ಇರಬಹುದು ಅನಿಸುತ್ತೆ ನನಗೆ. ಹುಷಾರ್. ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಶೆಡ್ಡಿಗೆ ಬಿಡಬೇಡಿ.

ಖಾರ ಸವಣೂರು:
ಆ ಹೆಸರು ಇಲ್ಲಿ ಎತ್ತಬೇಡಿ ಮಾರಾಯ್ರೆ. ಟಿವಿಯವರು ಬಂದರೆ ಮುಗೀತು, ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಚಿಕನ್ ಕೇಳೋರೇ ಇರುವುದಿಲ್ಲ. ಇಲಾಖೆಗೆ ಫೋನ್ ಮಾಡಿದರೆ ಬಂದು ಎಲ್ಲ ಕೊಂದು ಹೂಳಿ ಹೋಗುತ್ತಾರೆ. ಸುಮ್ನೆ ಬ್ಯಾಚ್ ಬೇಗ ಲಿಫ್ಟ್ ಮಾಡಿಸಿ (ಮಾರಾಟಕ್ಕೆ ಎತ್ತಿಸಿ), ಶೆಡ್ ತೊಳೆದು ಸುಣ್ಣ ಹೊಡೆಯಿರಿ.

ಹರಿಹರದ ಅಳಿಯ:
ಖಾರ ಅವರೇ, ಇದು ತಪ್ಪು ಸಲಹೆ. ರೋಗ ಇರುವ ಬ್ಯಾಚ್ ಲಿಫ್ಟ್ ಮಾಡಿಸಿದರೆ ಆ ಗಾಡಿ, ಆ ಕ್ರೇಟು ಮರುದಿನ ನಿಮ್ಮ ಶೆಡ್ಡಿಗೇ ಬರುತ್ತದೆ.

2020ರ ಮಾರ್ಚಿನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಖಚಿತ ಆಯಿತು, ಅದೇ ಹೊತ್ತಿಗೆ ಮೈಸೂರಿನಲ್ಲೂ. ಬನ್ನಿಕೋಡು ರಾಣೆಬೆನ್ನೂರಿಗೆ ಎಷ್ಟು ದೂರ ಹೇಳಿ? ನನ್ನ ಮಾವನ ಮನೆ ಆ ಕಡೆಯೇ. ಕೊಲ್ಲುವುದು ಇಡೀ ಜಿಲ್ಲೆಯ ಕೋಳಿಗಳನ್ನಲ್ಲ. ಖಚಿತ ಆದ ಜಾಗದ ಸುತ್ತ 1 ಕಿಲೋಮೀಟರ್ ಒಳಗಿನವು ಮಾತ್ರ. 10 ಕಿಲೋಮೀಟರ್ ತನಕ ನಿಗಾ ಇಡುತ್ತಾರೆ. ಅದೂ ಭೋಪಾಲದ ಲ್ಯಾಬಿನಿಂದ ಖಚಿತ ಆದ ಮೇಲೆ. ಯಾರೋ ಫೋನ್ ಮಾಡಿದರು ಅಂತ ಯಾರೂ ಬಂದು ಕೊಲ್ಲುವುದಿಲ್ಲ.

ಇನ್ನೊಂದು, ಅನುಮಾನ ಬಂದರೆ ತಿಳಿಸಲೇಬೇಕು ಅಂತ 2009ರ ಕೇಂದ್ರ ಕಾಯ್ದೆ ಇದೆ. ಮುಚ್ಚಿಟ್ಟರೆ ತಪ್ಪು ನಮ್ಮ ಮೇಲೇ ಬರುತ್ತದೆ.

ಖಾರ ಸವಣೂರು:
ಪರಿಹಾರ ಕೊಡುತ್ತಾರಾ? ಕಾಂಟ್ರಾಕ್ಟಿನಲ್ಲಿ ಮರಿ ಕಂಪನಿಯದು, ಫೀಡ್ ಕಂಪನಿಯದು. ದುಡ್ಡು ಅವರಿಗೆ ಹೋಗುತ್ತದೆ. ನಮಗೆ ಖಾಲಿ ಶೆಡ್ಡು, ಕರೆಂಟ್ ಬಿಲ್ಲು.

ಹರಿಹರದ ಅಳಿಯ:
ಇಲಾಖೆ ಕೊಂದ ಕೋಳಿಗೆ ಪರಿಹಾರ ಇದೆ. ಅದಕ್ಕೂ ಮೊದಲೇ ಸತ್ತದ್ದಕ್ಕೆ ಇಲ್ಲ. ಅಂದರೆ ತಡ ಮಾಡಿದಷ್ಟೂ ನಷ್ಟ. ಆದರೆ ಕಾಂಟ್ರಾಕ್ಟ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅಗ್ರಿಮೆಂಟಿನಲ್ಲಿ ಅದನ್ನು ಬರೆಸಿಕೊಂಡ ರೈತ ನಮ್ಮ ಕಡೆ ಒಬ್ಬನೂ ಇಲ್ಲ.

ಕತ್ತರಿ ಡಾಕ್ಟ್ರು:
ನಾನು ಪಶುವೈದ್ಯ, ಇದೇ ಸೀಮೆಯವನು. ಕೋಳಿ ಕೊಯ್ದು ಕೊಯ್ದೇ ಈ ಹೆಸರು ಬಂದದ್ದು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಮಾತು, ಆ ಆ್ಯಂಟಿಬಯಾಟಿಕ್ ಈಗ ಹಾಕಬೇಡಿ. ಸ್ಯಾಂಪಲ್ ತೆಗೆಯುವ ಮುಂಚೆ ಔಷಧ ಕೊಟ್ಟರೆ ಬ್ಯಾಕ್ಟೀರಿಯಾ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಆಮೇಲೆ ರಿಪೋರ್ಟ್ ನೆಗೆಟಿವ್ ಬಂತು ಅಂತ ಲ್ಯಾಬನ್ನು ಬೈಯುತ್ತೀರಿ. ಒಂದು ದಿನ ತಡೆಯಿರಿ.

ಎರಡನೆಯದು ಹಕ್ಕಿಜ್ವರ. ನೀವು ಹೇಳಿದ ಚಿತ್ರ ಅದಕ್ಕೆ ಅಷ್ಟು ಹೊಂದುವುದಿಲ್ಲ. ಅದರಲ್ಲಿ ಸಾವು ಇನ್ನೂ ಜೋರು, ಯಾವ ವಯಸ್ಸಿನ ಕೋಳಿಯನ್ನೂ ಬಿಡುವುದಿಲ್ಲ. ತಲೆ ಊದುತ್ತದೆ, ಜುಟ್ಟು ನೀಲಿ ಆಗುತ್ತದೆ, ಕಾಲಿನ ಚರ್ಮದ ಕೆಳಗೆ ರಕ್ತ ಕಾಣುತ್ತದೆ. ಎಷ್ಟೋ ಸಲ ಇದ್ಯಾವುದೂ ಕಾಣದೆ ಬೆಳಿಗ್ಗೆ ರಾಶಿ ಬಿದ್ದಿರುತ್ತದೆ. ಸುತ್ತಮುತ್ತ ಕಾಗೆ, ಕೊಕ್ಕರೆ ಸತ್ತಿವೆಯಾ ನೋಡಿ. ಹೊಂದುವುದಿಲ್ಲ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶಕ್ಕೆ ಮೊದಲ ಸಲ ಎಚ್5ಎನ್1 ಬಂದಾಗ ಅಲ್ಲಿನ ಸಾಕಣೆದಾರರು ಇದು ರಾಣಿಖೇತ್ ಅಂತಲೇ ವಾದ ಮಾಡಿದ್ದರು. ಹೊರಗಿನಿಂದ ನೋಡಿದರೆ ಎರಡೂ ಅಷ್ಟು ಹತ್ತಿರ. ಅದಕ್ಕೇ ಅನುಮಾನ ಇದ್ದರೆ ಶೆಡ್ಡಿನಲ್ಲಿ ಕೋಳಿ ಕೊಯ್ಯಬೇಡಿ. ತಾಲ್ಲೂಕು ಪಶು ಆಸ್ಪತ್ರೆಗೆ ಹೇಳಿ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದರೂ ಆಯಿತು. ಅವರು ಗಂಟಲಿನಿಂದ, ಹಿಂಭಾಗದಿಂದ ಸ್ವ್ಯಾಬ್ ತೆಗೆದು ಐಸಿನಲ್ಲಿ ಇಲಾಖೆ ಮೂಲಕವೇ ಬೆಂಗಳೂರಿನ ಹೆಬ್ಬಾಳದ ಲ್ಯಾಬಿಗೆ ಕಳಿಸುತ್ತಾರೆ.

ಮೂರನೆಯದು. 24 ದಿನ, ಬಿಳಿ ನೀರು ಹಿಕ್ಕೆ, ಹಿಂಭಾಗ ಕುಕ್ಕಿಕೊಳ್ಳುವುದು, ದಿಢೀರ್ ಏರಿಕೆ. ಪರೀಕ್ಷೆಯ ಹಾಲಿನಲ್ಲಿ ಇದನ್ನು ಕೊಟ್ಟರೆ ನಾನು ಮೊದಲು ಬರೆಯುವ ಹೆಸರು ಗಂಬೋರೊ. ಅದು 3ರಿಂದ 6 ವಾರದ ಮರಿಗಳ ಕಾಯಿಲೆ. ಆದರೆ ಶೆಡ್ಡಿನಲ್ಲಿ ಹೆಸರು ಬರೆಯುವುದಕ್ಕಿಂತ ಒಳಗೆ ನೋಡುವುದು ಮುಖ್ಯ. ಇದೇ ವಯಸ್ಸಿಗೆ ಲೀಚಿ ರೋಗವೂ ಬರುತ್ತದೆ, ಹೃದಯದ ಸುತ್ತ ನೀರು ತುಂಬಿರುತ್ತದೆ. ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ಪರಾವಲಂಬಿ ಕಾಯಿಲೆ ಬರುತ್ತದೆ, ಕುರುಡುಕರುಳಿನಲ್ಲಿ ರಕ್ತ. ರಾಣಿಖೇತ್ ಯಾವ ವಯಸ್ಸಿಗೂ ಬರುತ್ತದೆ.

ಕೊಯ್ಯಲು ಆರಿಸುವುದು ಹೇಗೆ ಅನ್ನುವುದೇ ಅರ್ಧ ವಿದ್ಯೆ. ಮಂದಿ ಮೊದಲೇ ಕುಂಟುತ್ತಿದ್ದ ಒಂದು ಸಣಕಲು ಮರಿ ತಂದು ಕೊಡುತ್ತಾರೆ. ಅದು ಸಾಯುತ್ತಿದ್ದ ಕಾರಣವೇ ಬೇರೆ. ಇವತ್ತು ಬೆಳಿಗ್ಗೆ ಮಂಕಾದ, ಮೈ ತುಂಬಿಕೊಂಡಿರುವ ನಾಲ್ಕೈದು ಮರಿ ಜೀವಂತ ಬೇಕು. ಜೊತೆಗೆ ಆಗತಾನೇ ಸತ್ತ ಒಂದೆರಡು. ನಿನ್ನೆ ರಾತ್ರಿ ಸತ್ತು ಬಿಸಿಲಿನಲ್ಲಿ ಬಿದ್ದದ್ದು ಪ್ರಯೋಜನ ಇಲ್ಲ, ಹಸಿರು ತಿರುಗಿರುತ್ತದೆ. ಫ್ರೀಜರಿನಲ್ಲಿ ಕಲ್ಲು ಮಾಡಿ ತರಬೇಡಿ, ಐಸ್ ಪ್ಯಾಕ್ ಸಾಕು.

ಕೊಯ್ಯುವ ಮುಂಚೆ ಗರಿಯನ್ನು ಸೋಪಿನ ನೀರಿನಲ್ಲಿ ಒದ್ದೆ ಮಾಡುತ್ತೇವೆ, ಧೂಳು ಮೂಗಿಗೆ ಹೋಗಬಾರದು. ತೊಡೆಯ ಕೀಲು ಮುರಿದರೆ ಕೋಳಿ ಅಂಗಾತ ನಿಲ್ಲುತ್ತದೆ. ಚರ್ಮ ಸುಲಿದ ಕೂಡಲೇ ತೊಡೆ, ಎದೆ ಮಾಂಸ ನೋಡಿ. ಗಂಬೋರೊ ಆದರೆ ಅಲ್ಲಿ ರಕ್ತದ ಗೆರೆ, ಚುಕ್ಕಿ ಇರುತ್ತವೆ. ಆಮೇಲೆ ಹಿಂಭಾಗದ ಮೇಲ್ಗಡೆ, ಕರುಳು ಕೊನೆಯಾಗುವ ಕಡೆ ಬರ್ಸಾ ಅನ್ನುವ ಸಣ್ಣ ಚೀಲ. ಕಾಯಿಲೆಯ ಶುರುವಿನಲ್ಲಿ ಅದು ಊದಿ ಎರಡು ಪಟ್ಟು ಆಗಿರುತ್ತದೆ, ಮೇಲೆ ಹಳದಿ ಲೋಳೆ ಅಂಟಿರುತ್ತದೆ. ಕತ್ತರಿಸಿದರೆ ಒಳಗಿನ ಮಡಿಕೆಗಳಲ್ಲಿ ಕೆಲವೊಮ್ಮೆ ರಕ್ತ. ವಾರ ಕಳೆದ ಮೇಲೆ ಕೊಯ್ದರೆ ಅದೇ ಬರ್ಸಾ ಕುಗ್ಗಿಹೋಗಿರುತ್ತದೆ. ಅಂದರೆ ಕೊಯ್ದ ದಿನ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕಿಡ್ನಿ ಬಿಳಿ ಉಪ್ಪು ತುಂಬಿ ಊದಿರುತ್ತದೆ.

ಖಾರ ಸವಣೂರು:
ಒಪ್ಪಿದೆ ಡಾಕ್ಟ್ರೇ. ಆದರೆ ನಮ್ಮ ಶೆಡ್ಡಿನಲ್ಲಿ ಹೋದ ವರ್ಷ ಕೊಯ್ದಾಗ ಹೊಟ್ಟೆಯಲ್ಲಿ ಕೆಂಪು ಚುಕ್ಕಿ ಇತ್ತು. ಕೆಂಪು ಚುಕ್ಕಿ ಅಂದರೆ ಕೊಕ್ಕರೆ ರೋಗ ಅಂತ ಕಂಪನಿ ಡಾಕ್ಟ್ರೇ ಹೇಳಿದ್ದು.

ಕತ್ತರಿ ಡಾಕ್ಟ್ರು:
ಚುಕ್ಕಿ ಎಲ್ಲಿತ್ತು ಅನ್ನುವುದು ಪ್ರಶ್ನೆ. ಕಲ್ಲುಹೊಟ್ಟೆಗೆ ಮುಂಚೆ ಒಂದು ಗ್ರಂಥಿ ಹೊಟ್ಟೆ ಇರುತ್ತದೆ. ಅದನ್ನು ಸೀಳಿ ತೊಳೆದರೆ ಒಳಗೆ ಸಣ್ಣ ಮೊಗ್ಗುಗಳು ಕಾಣುತ್ತವೆ. ರಾಣಿಖೇತ್ ಆದರೆ ಆ ಮೊಗ್ಗಿನ ತುದಿ ತುದಿಯಲ್ಲಿ ರಕ್ತ. ಗಂಬೋರೊ ಆದರೆ ಎರಡು ಹೊಟ್ಟೆ ಸೇರುವ ಗಡಿಯಲ್ಲಿ ಒಂದು ಪಟ್ಟಿ. ಇದು ಪುಸ್ತಕದ ಮಾತು. ಶೆಡ್ಡಿನಲ್ಲಿ ಎರಡೂ ಬೆರೆತು ಬರುತ್ತದೆ. ಎಲ್ಲ ರಾಣಿಖೇತ್‌ನಲ್ಲೂ ಆ ಚುಕ್ಕಿ ಇರುವುದಿಲ್ಲ. ಹಕ್ಕಿಜ್ವರದಲ್ಲೂ ಅದೇ ಜಾಗದಲ್ಲಿ ಚುಕ್ಕಿ ಬರುತ್ತದೆ. ಅದಕ್ಕೇ ಲ್ಯಾಬು.

ತುಂಗಭದ್ರಾ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಉತ್ತರ ಕೊಡುತ್ತೇನೆ. ಲಸಿಕೆ 14ನೇ ದಿನ, ನೀರಿನಲ್ಲಿ, ಕಂಪನಿ ಹುಡುಗರೇ ಹಾಕಿದ್ದು. ಡಬ್ಬಿ ತಂದಾಗ ಒಳಗಿನ ಐಸ್ ಪೂರ್ತಿ ನೀರಾಗಿತ್ತು. ಕೇಳಿದ್ದಕ್ಕೆ ಏನೂ ಆಗಲ್ಲ ಅಂದರು. ಫೀಡ್ ಲಾಟ್ ಬದಲಾಗಿ ವಾರ ಆಯಿತು. ಸಾವು ಎಲ್ಲ ಕಡೆ. ರಾತ್ರಿ ಕತ್ತಲಲ್ಲಿ ನಿಂತು ಕೇಳಿದೆ, ಗೊರಗೊರ ಇಲ್ಲ. ಕುತ್ತಿಗೆ ತಿರುಚಿದ್ದೂ ಇಲ್ಲ. ಕಾಗೆ ಸತ್ತಿದ್ದು ನೋಡಿಲ್ಲ. ತಾಲ್ಲೂಕು ಡಾಕ್ಟ್ರಿಗೆ ಹೇಳಿದ್ದೇನೆ, ನಾಳೆ ಬೆಳಿಗ್ಗೆ ಬರುತ್ತಾರೆ.

ಲೇಯರ್ ಬ್ಯಾಡಗಿ:
ಐಸ್ ಕರಗಿತ್ತು ಅಂದಿರಲ್ಲ, ಅದರ ಮೇಲೆ ಬೆರಳಿಡಿ. ಜೀವಂತ ಲಸಿಕೆ ಬಿಸಿಗೆ ಸಾಯುತ್ತದೆ. ಬ್ಲೀಚಿಂಗ್ ಇರುವ ನೀರಿಗೆ ಹಾಕಿದರೂ ಸಾಯುತ್ತದೆ, ಅದಕ್ಕೇ ಹಾಲಿನ ಪುಡಿ ಕಲಸುವುದು. ಲಸಿಕೆ ಹಾಕಿದ್ದೀವಿ ಅನ್ನುವುದು ಬೇರೆ, ಲಸಿಕೆ ತಗುಲಿದೆ ಅನ್ನುವುದು ಬೇರೆ.

ಫೀಡ್ ವಿಷಯವನ್ನೂ ಬಿಡಬೇಡಿ. ನಮ್ಮ ಹಾವೇರಿ ಜಿಲ್ಲೆ ತುಂಬ ಗೋವಿನಜೋಳ. ಕಟಾವಿಗೆ ಮಳೆ ಹಿಡಿದರೆ ತೆನೆಯಲ್ಲೇ ಬೂಷ್ಟು. ನನ್ನ ಲೇಯರ್ ಶೆಡ್ಡಿನಲ್ಲಿ ಒಂದು ವರ್ಷ ಮೊಟ್ಟೆ ಇಳಿಯಿತು, ಸಾವು ದಿನಾ ಒಂದೆರಡು ಜಾಸ್ತಿ, ಯಾವ ಲಸಿಕೆಗೂ ಟೈಟರ್ (ರಕ್ತದಲ್ಲಿನ ರಕ್ಷಣೆಯ ಮಟ್ಟ) ಬರಲಿಲ್ಲ. ವೈರಸ್ ಹುಡುಕಿ ಹುಡುಕಿ ಸುಸ್ತು. ಕೊಯ್ದಾಗ ಲಿವರ್ ಹಳದಿ, ಮುಟ್ಟಿದರೆ ಒಡೆಯುತ್ತಿತ್ತು. ಕೊನೆಗೆ ಜೋಳ ಪರೀಕ್ಷೆ ಮಾಡಿಸಿದರೆ ಅಫ್ಲಾಟಾಕ್ಸಿನ್, ಬೂಷ್ಟಿನ ವಿಷ. ಕೋಳಿ ಮೇವಿಗೆ ಬಿಐಎಸ್ ಮಿತಿ 20 ಪಿಪಿಬಿ. ಒಂದು ಟನ್ನಿಗೆ 20 ಮಿಲಿಗ್ರಾಂ ಅಷ್ಟೇ! ಒಂದು ಚೀಲದಿಂದ ಮುಷ್ಟಿ ತೆಗೆದು ಕಳಿಸಿದರೆ ಸಿಗುವುದಿಲ್ಲ, ಬೂಷ್ಟು ಒಂದೊಂದು ಕಡೆ ಗುಂಪಾಗಿರುತ್ತದೆ. ಹತ್ತಾರು ಚೀಲದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ ಕಳಿಸಿ.

ಪೇಢಾ ನಗರಿ:
ಅಫ್ಲಾಟಾಕ್ಸಿನ್ ಜಗತ್ತಿಗೆ ಗೊತ್ತಾಗಿದ್ದೇ ಕೋಳಿ ಜಾತಿಯ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಜಾಸ್ತಿ ಟರ್ಕಿ ಮರಿ ಸತ್ತವು. ಕಾರಣ ಗೊತ್ತಾಗದೆ ಟರ್ಕಿ ಎಕ್ಸ್ ಅಂತ ಹೆಸರಿಟ್ಟರು. ಸಾಂಕ್ರಾಮಿಕ ಅಂದುಕೊಂಡರೆ ಒಂದರಿಂದ ಒಂದಕ್ಕೆ ಹರಡುತ್ತಿರಲಿಲ್ಲ. ಯಾವ ಯಾವ ಫಾರ್ಮಿನಲ್ಲಿ ಸಾಯುತ್ತಿವೆ, ಅವರೆಲ್ಲ ಏನು ತಿನ್ನಿಸಿದರು ಅಂತ ಹಿಂದೆ ಹೋಗಿ ನೋಡಿದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ಸಿಕ್ಕಿತು. ನಾನು ಧಾರವಾಡ ಕೃಷಿ ವಿವಿಯಲ್ಲಿ ಓದಿದವನು, ಕೋಳಿ ಸಾಕಿಲ್ಲ. ಸುಮ್ನೆ ಓದುತ್ತಿದ್ದೆ, ಬಾಯಿ ಹಾಕಿದೆ.

ಜವಾರಿ ಹುಂಜ:
ನಡುವೆ ಒಂದು ಪ್ರಶ್ನೆ. ನಮ್ಮ ಮನೇಲಿ ಹದಿನೈದು ಜವಾರಿ ಕೋಳಿ. ಸಂತೆಯಿಂದ ಒಂದು ಹುಂಜ ತಂದ ವಾರದಲ್ಲಿ ಆರು ಸತ್ತವು. ಹಸಿರು ಹಿಕ್ಕೆ, ಒಂದರ ಕುತ್ತಿಗೆ ತಿರುಗಿ ಬೆನ್ನ ಮೇಲೆ ಬಂದಿದೆ, ಕಾಳು ಕುಕ್ಕಲು ಹೋದರೆ ಗುರಿ ತಪ್ಪುತ್ತದೆ. ಇದು ಏನು?

ಖಾರ ಸವಣೂರು:
ಇದು ಕೊಕ್ಕರೆ ರೋಗ! ಇದಕ್ಕಾದರೂ ಬೇಡ ಅನ್ನಬೇಡಿ ಡಾಕ್ಟ್ರೇ.

ಕತ್ತರಿ ಡಾಕ್ಟ್ರು:
ಇದಕ್ಕೆ ನಿಮಗೆ ಮುಕ್ಕಾಲು ಮಾರ್ಕ್ ಕೊಡುತ್ತೇನೆ. ಲಸಿಕೆ ಹಾಕದ ಜವಾರಿ ಕೋಳಿ, ಸಂತೆಯಿಂದ ಬಂದ ಹುಂಜ, ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ. ಚಿತ್ರ ಹೊಂದುತ್ತದೆ. ಉಳಿದ ಕಾಲು ಮಾರ್ಕ್ ಲ್ಯಾಬಿಗೆ. ಆರು ಸತ್ತಿವೆ ಅಂದರೆ ನೀವೂ ಆಸ್ಪತ್ರೆಗೆ ತಿಳಿಸಿ. ಉಳಿದವನ್ನು ಮಾರಬೇಡಿ, ಅಕ್ಕಪಕ್ಕದ ಮನೆಗೂ ಕೊಡಬೇಡಿ. ಮುಂದೆ ಹೊಸ ಮರಿ ತಂದರೆ ರಾಣಿಖೇತ್‌ಗೆ ಮೊದಲ ವಾರ ಲಸೋಟ ಇಲ್ಲವೇ ಎಫ್1 ಲಸಿಕೆಯ ಹನಿ, 8 ವಾರಕ್ಕೆ ಆರ್2ಬಿ ಚುಚ್ಚುಮದ್ದು. ಸಂತೆಯಿಂದ ತಂದದ್ದನ್ನು ಎರಡು ಮೂರು ವಾರ ಬೇರೆ ಕಡೆ ಕಟ್ಟಿ.

ಮುಂಡರಗಿ ಶೇಂಗಾ:
ಔಷಧ ಹಾಕಬೇಡಿ ಅಂದ ಡಾಕ್ಟ್ರ ಮಾತಿಗೆ ನನ್ನದೊಂದು ಸೇರಿಸಿಕೊಳ್ಳಿ. ನಮ್ಮ ಶೆಡ್ಡಿನಲ್ಲಿ ಸಿಆರ್‌ಡಿ ಅನ್ನುವ ಉಸಿರಾಟದ ಕಾಯಿಲೆ ಅಂತ ಟಿಯಾಮುಲಿನ್ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಹಾಕಿದ ಮರುದಿನ ಕೋಳಿಗಳು ಕಾಲು ಹಿಂದಕ್ಕೆ ಚಾಚಿ ಮಲಗಿದವು, ಕುತ್ತಿಗೆ ಎತ್ತಲಿಲ್ಲ. ಎಲ್ಲರೂ ರಾಣಿಖೇತ್ ಅಂದರು, ಕೆಲವರು ಬಾಟ್ಯುಲಿಸಂ ಅಂದರು. ನಾವು ತುರ್ತು ಲಸಿಕೆಗೆ ಹುಬ್ಬಳ್ಳಿಗೆ ಹೊರಟಿದ್ದೆವು. ಆಗ ಒಬ್ಬರು ಹಿರಿಯ ಡಾಕ್ಟ್ರು ಬಂದು ಕೋಳಿ ನೋಡಲೇ ಇಲ್ಲ, ಮೊದಲು ಫೀಡ್ ಚೀಲದ ಚೀಟಿ ಓದಿದರು. ಕಾಕ್ಸಿಡಿಯಾಗೆ ಅಂತ ಅದರಲ್ಲಿ ಸಲಿನೋಮೈಸಿನ್ ಇತ್ತು. ಅದು ಮತ್ತು ಟಿಯಾಮುಲಿನ್ ಒಟ್ಟಿಗೆ ಹೊಟ್ಟೆಗೆ ಹೋದರೆ ವಿಷ. ನೀರು ಬದಲಿಸಿ ಫೀಡ್ ಬದಲಿಸಿದೆವು, ಉಳಿದವು ಎದ್ದವು.

ಕತ್ತರಿ ಡಾಕ್ಟ್ರು:
ಇದು ತುಂಬಾ ಮುಖ್ಯ. ಸಲಿನೋಮೈಸಿನ್, ಮೊನೆನ್ಸಿನ್ ಇರುವ ಫೀಡಿನ ಜೊತೆ ಟಿಯಾಮುಲಿನ್ ಕೂಡದು. ಹಾಗೇ ಉಳಿದ ಕೋಳಿ ಫೀಡನ್ನು ಕುದುರೆಗೆ ಯಾರೂ ಹಾಕಬೇಡಿ, ಸ್ವಲ್ಪಕ್ಕೇ ಸಾಯುತ್ತದೆ.

ಒಂದು ಅಭ್ಯಾಸ ಹೇಳಿಕೊಡುತ್ತೇನೆ. ದಿನದ ಸಾವನ್ನು ಬರೆದು ಗೆರೆ ಎಳೆದು ನೋಡಿ. ವಿಷ, ಫೀಡ್ ಮಿಕ್ಸಿಂಗ್ ತಪ್ಪು, ಕರೆಂಟ್ ಹೋಗಿ ಉಸಿರುಗಟ್ಟಿದ್ದು, ಇವಕ್ಕೆ ಗೆರೆ ಒಂದೇ ದಿನ ಕಂಬ ಎದ್ದು ನಿಲ್ಲುತ್ತದೆ. ಗಂಬೋರೊ ಮೂರು ನಾಲ್ಕು ದಿನ ಏರಿ ಅಷ್ಟೇ ಬೇಗ ಇಳಿಯುತ್ತದೆ. ಅದಕ್ಕೇ ನಾಲ್ಕನೇ ದಿನ ಕೊಟ್ಟ ಯಾವ ಔಷಧಕ್ಕೂ ಒಳ್ಳೇ ಹೆಸರು ಬರುತ್ತದೆ! ರಾಣಿಖೇತ್ ಅಷ್ಟು ಬೇಗ ಇಳಿಯುವುದಿಲ್ಲ. ಸಿಆರ್‌ಡಿ, ಇ-ಕೋಲೈ ಗೆರೆ ನಿಧಾನ, ವಾರಗಟ್ಟಲೆ ಎಳೆಯುತ್ತದೆ.

ಹಳೇ ಹುಬ್ಬಳ್ಳಿ:
ಇಷ್ಟೆಲ್ಲ ಯಾಕೆ, ರಾತ್ರಿ ಬಸ್ಸಿಗೆ ಒಂದು ಥರ್ಮಕೋಲ್ ಬಾಕ್ಸಿನಲ್ಲಿ ಸತ್ತ ಕೋಳಿ ಹಾಕಿ ಬೆಂಗಳೂರಿಗೆ ಕಳಿಸಿ. ಬೆಳಿಗ್ಗೆ ಹೆಬ್ಬಾಳದಲ್ಲಿ ಇರುತ್ತದೆ. ಪಾರ್ಸೆಲ್ ಚಾರ್ಜ್ ಏನು ಜಾಸ್ತಿ ಇಲ್ಲ.

ಕಪ್ಪತಗುಡ್ಡ ಗಾಳಿ:
ಹಕ್ಕಿಜ್ವರದ ಅನುಮಾನ ಇರುವ ಕೋಳಿ ಬಸ್ಸಿನಲ್ಲಿ? ಪಕ್ಕದ ಸೀಟಿನಲ್ಲಿ ನೀವು ಕೂರುತ್ತೀರಾ?

ಕತ್ತರಿ ಡಾಕ್ಟ್ರು:
ಬಸ್ಸು ಬೇಡ. ಅನುಮಾನದ ಸ್ಯಾಂಪಲ್ ಇಲಾಖೆ ದಾರಿಯಲ್ಲೇ ಹೋಗಬೇಕು, ಮೂರು ಪದರ ಪ್ಯಾಕಿಂಗ್ ಇರಬೇಕು. ಫ್ಲೂ ಅಲ್ಲ ಅಂತ ಸ್ಥಳೀಯ ಡಾಕ್ಟ್ರು ನೋಡಿ ಹೇಳಿದ ಮೇಲೆ ಗದಗ ಪಶುವೈದ್ಯಕೀಯ ಕಾಲೇಜು ನಿಮಗೆ ಹತ್ತಿರ. ಫೋನ್ ಮಾಡಿ ಕೇಳಿಕೊಂಡು ಹೋಗಿ. ಬೆಳಿಗ್ಗೆ ಹೋಗಿ, ಶನಿವಾರ ಸಂಜೆ ಹೋಗಿ ಬಾಗಿಲು ಬಡಿಯಬೇಡಿ. ಈಗ ಎಫ್‌ಟಿಎ ಕಾರ್ಡ್ ಅಂತ ಬಂದಿದೆ, ಅಂಗಾಂಶವನ್ನು ಅದರ ಮೇಲೆ ಒತ್ತಿ ಒಣಗಿಸಿದರೆ ವೈರಸ್ ಸಾಯುತ್ತದೆ, ಪಿಸಿಆರ್‌ಗೆ (ವೈರಸ್ಸಿನ ಜೀನ್ ಹುಡುಕುವ ಪರೀಕ್ಷೆಗೆ) ಬೇಕಾದ ಭಾಗ ಉಳಿಯುತ್ತದೆ, ಐಸೂ ಬೇಡ.

ಲೇಯರ್ ಬ್ಯಾಡಗಿ:
ಸತ್ತ ಕೋಳಿ ಏನು ಮಾಡುತ್ತಿದ್ದೀರಿ? ನಮ್ಮ ಕಡೆ ಹಳ್ಳಕ್ಕೆ ಎಸೆಯುತ್ತಾರೆ, ನಾಯಿ ಕಚ್ಚಿಕೊಂಡು ಊರೆಲ್ಲ ಓಡಾಡುತ್ತವೆ. ಹೋದ ಸಲ ವರದಾ ನದಿಯಲ್ಲಿ ಚೀಲ ಚೀಲ ತೇಲಿ ಬಂದಿದ್ದವು. ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ.

ಜವಾರಿ ಹುಂಜ:
ಬ್ಯಾಡಗಿಯವರೇ, ಲೇಯರ್‌ಗೆ ಮೆಣಸಿನಕಾಯಿ ತಿನ್ನಿಸಿದರೆ ಹಳದಿ ಭಾಗ ಕೆಂಪಾಗುತ್ತದಂತೆ, ಹೌದಾ?

ಲೇಯರ್ ಬ್ಯಾಡಗಿ:
ಹೌದು, ಬ್ಯಾಡಗಿ ಮೆಣಸಿನ ಪುಡಿ ಸ್ವಲ್ಪ ಸೇರಿಸಿದರೆ ಬಣ್ಣ ಬರುತ್ತದೆ. ಕೋಳಿಗೆ ಖಾರ ತಿಳಿಯುವುದಿಲ್ಲ. ಆದರೆ ಮಾರ್ಕೆಟ್ಟಿನಲ್ಲಿ ಅಗ್ಗಕ್ಕೆ ಸಿಗುವ ಕಪ್ಪಾದ ಕಾಯಿ ತರಬೇಡಿ, ಅದರಲ್ಲೂ ಅದೇ ಬೂಷ್ಟು.

ತುಂಗಭದ್ರಾ ದಂಡೆ:
ಅಪ್‌ಡೇಟ್. ಡಾಕ್ಟ್ರು ಬಂದರು. ಶೆಡ್ ಪೂರ್ತಿ ನೋಡಿ ಫ್ಲೂ ಕಾಣುತ್ತಿಲ್ಲ ಅಂದರು, ಆದರೂ ಸ್ವ್ಯಾಬ್ ತೆಗೆದು ಇಲಾಖೆಯಿಂದ ಕಳಿಸಿದರು. ಮಂಕಾದ ಮರಿಗಳನ್ನು ಕೊಯ್ದಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ತೊಡೆಯಲ್ಲಿ ಕೆಂಪು ಗೆರೆಗಳು, ಬರ್ಸಾ ಊದಿ ಲೋಳೆ. ಒಂದರಲ್ಲಿ ಗ್ರಂಥಿ ಹೊಟ್ಟೆಯಲ್ಲೂ ಚುಕ್ಕಿ ಇತ್ತು, ಹಾಗಾಗಿ ಗಂಬೋರೊ, ರಾಣಿಖೇತ್ ಎರಡರ ಪರೀಕ್ಷೆಗೂ ಕಳಿಸೋಣ ಅಂದರು. ಸಾವು ಇವತ್ತು 150 ಆಯಿತು. ಬೆಲ್ಲದ ನೀರು, ಎಲೆಕ್ಟ್ರೋಲೈಟ್ ಕೊಡಲು ಹೇಳಿದ್ದಾರೆ.

ಸೂಪರ್‌ವೈಸರ್ ಬಂದು ಕೇಳದೆ ಯಾಕೆ ಕರೆಸಿದಿರಿ ಅಂತ ಜಗಳ ಮಾಡಿ ಹೋದ.

ಖಾರ ಸವಣೂರು:
ಚುಕ್ಕಿ ಇತ್ತಲ್ಲ! ಪಿಸಿಆರ್‌ನಲ್ಲಿ ರಾಣಿಖೇತ್ ಪಾಸಿಟಿವ್ ಬರುತ್ತದೆ ನೋಡಿ.

ಕತ್ತರಿ ಡಾಕ್ಟ್ರು:
ಬಂದರೂ ಹುಷಾರಾಗಿ ಓದಬೇಕು. ಲಸೋಟ ಹಾಕಿದ ಕೋಳಿಯಲ್ಲಿ ಲಸಿಕೆಯ ವೈರಸ್ಸೇ ಪಿಸಿಆರ್‌ಗೆ ಸಿಗಬಹುದು. ಅದು ಊರಿನ ವೈರಸ್ಸೋ ಲಸಿಕೆಯದ್ದೋ ಅಂತ ತಿಳಿಯಲು ಎಫ್ ಜೀನಿನ ಒಂದು ತುಣುಕನ್ನು ಓದಿಸಬೇಕು. ರಕ್ತದ ಟೈಟರ್ ಕಥೆಯೂ ಅದೇ. ಒಂದು ಸಲದ ಟೈಟರ್ ಏನೂ ಹೇಳುವುದಿಲ್ಲ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆದು ಏರಿದೆಯಾ ನೋಡಬೇಕು. ಬ್ರಾಯ್ಲರ್‌ಗೆ ಅಷ್ಟು ಆಯುಷ್ಯ ಇರಲ್ಲ, ಅದು ಬೇರೆ ಮಾತು.

ತುಂಗಭದ್ರಾ ದಂಡೆ:
ರಿಪೋರ್ಟ್‌ಗಳು ಬಂದವು. ಹಕ್ಕಿಜ್ವರ ನೆಗೆಟಿವ್. ರಾಣಿಖೇತ್ ನೆಗೆಟಿವ್. ಬರ್ಸಾದಲ್ಲಿ ಗಂಬೋರೊ ಪಾಸಿಟಿವ್. ಸೂಕ್ಷ್ಮದರ್ಶಕದಲ್ಲೂ ಬರ್ಸಾದ ಜೀವಕೋಶ ಹಾಳಾಗಿದ್ದು ಬರೆದಿದ್ದಾರೆ. ಲಿವರ್‌ನಲ್ಲಿ ಇ-ಕೋಲೈ ಬೆಳೆದಿದೆ. ಸೂಪರ್‌ವೈಸರ್ ಹೇಳಿದ್ದ ಔಷಧಕ್ಕೆ ಅದು ಬಗ್ಗುವುದಿಲ್ಲ ಅಂತ ರಿಪೋರ್ಟಿನ ಔಷಧ ಪಟ್ಟಿಯಲ್ಲೇ ಇದೆ. ಆ ಪಟ್ಟಿಯ ಫೋಟೋ ಕಂಪನಿ ಗ್ರೂಪಿಗೆ ಹಾಕಿದ್ದೇನೆ, ಇನ್ನೂ ಯಾರೂ ಮಾತಾಡಿಲ್ಲ.

ಸಾವು ಐದನೇ ದಿನದಿಂದ ಇಳಿಯಿತು. ಒಟ್ಟು 600 ದಾಟಿತು.

ಖಾರ ಸವಣೂರು:
ಸರಿ ಬಿಡಿ, ಸೋತೆ. ಆದರೆ ಇ-ಕೋಲೈ ಇತ್ತಲ್ಲ, ಸೂಪರ್‌ವೈಸರ್ ಅರ್ಧ ಸರಿ!

ಕತ್ತರಿ ಡಾಕ್ಟ್ರು:
ಇ-ಕೋಲೈ ಆಮೇಲೆ ಬಂದ ಅತಿಥಿ. ಗಂಬೋರೊ ಬರ್ಸಾವನ್ನೇ ಹಾಳು ಮಾಡುವುದರಿಂದ ರೋಗ ತಡೆಯುವ ಶಕ್ತಿ ಹೋಗುತ್ತದೆ, ಆಮೇಲೆ ಸಿಕ್ಕಿದ್ದೆಲ್ಲ ಒಳಗೆ ಬರುತ್ತದೆ. ರಾಣಿಖೇತ್ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಈಗ ಪಟ್ಟಿ ನೋಡಿ ನಿಮ್ಮ ಡಾಕ್ಟ್ರು ಹೇಳಿದ ಔಷಧ ಕೊಡಿ. ಆದರೆ ಕಿಡ್ನಿ ಊದಿದ ಕೋಳಿಗೆ ಸಲ್ಫಾ, ಜೆಂಟಾಮೈಸಿನ್ ಥರದ್ದು ಬೇಡ.

ಮುಂದಿನ ಬ್ಯಾಚ್ ಅವಸರ ಮಾಡಬೇಡಿ. ಈ ವೈರಸ್ ಖಾಲಿ ಶೆಡ್ಡಿನಲ್ಲಿ 122 ದಿನ ಬದುಕಿದ್ದು ದಾಖಲೆ ಇದೆ, ನೀರು, ಮೇವು, ಹಿಕ್ಕೆಯಲ್ಲಿ 52 ದಿನ. ಬರೀ ಸುಣ್ಣ ಸಾಲದು. ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಪೂರ್ತಿ ತೆಗೆದು, ಸೋಪಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಫಾರ್ಮಲಿನ್ ಹೊಡೆಯಿರಿ. ಲಿಟರ್ ಒಳಗಿನ ಕಪ್ಪು ಹುಳ ಇದೆಯಲ್ಲ, ಅದೂ ವೈರಸ್ ಹೊತ್ತುಕೊಂಡು ಗೋಡೆ ಸಂದಿಯಲ್ಲಿ ಕೂತಿರುತ್ತದೆ.

ಮುಂಡರಗಿ ಶೇಂಗಾ:
ಲಸಿಕೆ ದಿನ 14 ಅನ್ನುವುದೂ ಎಲ್ಲರಿಗೂ ಒಂದೇ ಅಲ್ಲ ಅಲ್ವಾ ಡಾಕ್ಟ್ರೇ?

ಕತ್ತರಿ ಡಾಕ್ಟ್ರು:
ಅಲ್ಲ. ತಾಯಿಯಿಂದ ಬಂದ ರಕ್ಷಣೆ ಜಾಸ್ತಿ ಇದ್ದಾಗ ಹಾಕಿದರೆ ಅದು ಲಸಿಕೆಯನ್ನೇ ಕೊಲ್ಲುತ್ತದೆ, ತಡವಾದರೆ ಕಾಯಿಲೆ ಮೊದಲು ಬರುತ್ತದೆ. ಮೊದಲ ವಾರ ಕೆಲವು ಮರಿಗಳ ರಕ್ತ ತೆಗೆದು ಎಲಿಸಾ (ಆ ರಕ್ಷಣೆ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿದರೆ ದಿನ ಲೆಕ್ಕ ಹಾಕಬಹುದು. ದೊಡ್ಡ ಫಾರ್ಮಿನವರು ಮಾಡಿಸುತ್ತಾರೆ. ಕಾಂಟ್ರಾಕ್ಟಿನಲ್ಲಿ ಕಂಪನಿಯೇ ಮಾಡಿಸಬೇಕು, ಕೇಳಿ.

ಹಳೇ ಹುಬ್ಬಳ್ಳಿ:
ಕೊಯ್ದ ಅಂಗಾಂಶ ಗದಗಕ್ಕೆ ಒಯ್ಯುವುದಾದರೆ ಏನರಲ್ಲಿ ಹಾಕಬೇಕು? ನಮ್ಮ ಮೆಡಿಕಲ್ ಶಾಪಿನವನು ಸಣ್ಣ ಬಾಟಲಿ ಕೊಡುತ್ತಾನೆ.

ಕತ್ತರಿ ಡಾಕ್ಟ್ರು:
10 ಪರ್ಸೆಂಟ್ ಫಾರ್ಮಲಿನ್, ಅಂದರೆ ಅಂಗಡಿ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು. ತುಂಡು ಅರ್ಧ ಸೆಂಟಿಮೀಟರ್ ದಪ್ಪ, ದ್ರಾವಣ ಅದರ ಹತ್ತು ಪಟ್ಟು. ಸಣ್ಣ ಬಾಯಿಯ ಬಾಟಲಿ ಬೇಡ. ಹಾಕುವಾಗ ಮೆತ್ತಗೆ ಒಳಗೆ ಹೋಗುತ್ತದೆ, ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ನಾವು ಬಾಟಲಿ ಒಡೆಯಬೇಕು. ಅಗಲ ಬಾಯಿಯ ಡಬ್ಬಿ ತನ್ನಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನದ್ದು ಅಳಿಸಿಹೋಗುತ್ತದೆ. ಕಲ್ಚರ್‌ಗೆ ಕೊಡುವ ಲಿವರನ್ನು ಮಾತ್ರ ಫಾರ್ಮಲಿನ್‌ಗೆ ಹಾಕಬೇಡಿ, ಅದು ಐಸಿನಲ್ಲಿ ಬೇರೆ ಬರಲಿ.